ಹೂಂ ಅನ್ನಬಾರದ ಕೋಣೆ

ಮಾರ್ಚ್ ೩, ಸೋಮವಾರ

ಈ ಕಥೆಯನ್ನು ಮೊದಲು ಹೇಳಿದವಳು ಸ್ಕ್ಯಾನ್ ಮಾಡುವ ಹುಡುಗಿ. ಹೇಳಿದ್ದು ಇವತ್ತು ಬೆಳಿಗ್ಗೆ, ನನ್ನ ಹೊಟ್ಟೆಗೆ ತಣ್ಣನೆಯ ಲೋಳೆ ಸವರುತ್ತ. ಬೆನ್ನುನೋವು ಬಿಡದೆ ಕಾಡುತ್ತಿತ್ತು, ಮೂತ್ರಪಿಂಡದಲ್ಲಿ ಕಲ್ಲಿರಬಹುದು ಎಂದು ನೋಡಿಸಲು ಹೋಗಿದ್ದೆ.

"ಕಲ್ಲೇನೂ ಇಲ್ಲ ಆಂಟಿ."

"ಹೂಂ."

"ಆದ್ರೆ ಇಲ್ಲಿ ಬೇರೆ ಏನೋ ಇದೆ."

"ಹೂಂ."

"ಗುಲ್ಮಕ್ಕೆ ರಕ್ತ ಒಯ್ಯೋ ನಾಳ ಒಂದು ಕಡೆ ಉಬ್ಬಿಕೊಂಡಿದೆ."

"ಹೂಂ."

ಹುಡುಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. "ನಿಮಗೆ ಮೊದಲೇ ಗೊತ್ತಿತ್ತಾ ಆಂಟಿ?"

ಗೊತ್ತಿದ್ದರೆ ತಾನೆ! ಗುಲ್ಮ ಎಂಬುದು ಹೊಟ್ಟೆಯ ಯಾವ ಮೂಲೆಯಲ್ಲಿದೆ ಎಂದೂ ನನಗೆ ತಿಳಿಯದು. ನನ್ನ ಹೂಂ ಎಂದರೆ ಗೊತ್ತು ಎಂದಲ್ಲ, ಮುಂದೆ ಹೇಳು ಎಂದು. ಹಳ್ಳಿಯ ಮನೆಯಲ್ಲಿ ಅಜ್ಜಿ ಕಥೆಗೆ ಕೂತರೆ ಯಾರಾದರೊಬ್ಬರು ಹೂಂಗುಟ್ಟಲೇಬೇಕಿತ್ತು. ಹೂಂ ನಿಂತರೆ ಕಥೆಯೂ ನಿಲ್ಲುತ್ತಿತ್ತು. ರಾಜಕುಮಾರ ಅರ್ಧ ಆನೆ ಹತ್ತಿ ಅಲ್ಲೇ ನೇತಾಡುತ್ತಿದ್ದ. ಅಜ್ಜಿಯ ಬಾಯಿ ಅಕ್ಕನಿಗೆ ಬಂತು, ಹೂಂ ನನ್ನ ಪಾಲಿಗೆ ಬಂತು. ಇಬ್ಬರೂ ಪೇಟೆಗೆ ಬಂದು, ಹಾಸಿಗೆ ಅಂಗಡಿ ಇಟ್ಟು, ತಲೆ ನರೆತು ಹತ್ತಿಯ ಬಣ್ಣಕ್ಕೆ ಬಂದರೂ ಪಾಲು ಬದಲಾಗಿಲ್ಲ. ಅವಳು ಹತ್ತಿ ಹಿಂಜುತ್ತ ಹೇಳುತ್ತಾಳೆ, ನಾನು ದಬ್ಬಣ ಹಿಡಿದು ಹೊಲಿಯುತ್ತ ಹೂಂ ಅನ್ನುತ್ತೇನೆ.

ಮಧ್ಯಾಹ್ನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ದೊಡ್ಡ ಸ್ಕ್ಯಾನು, ದೊಡ್ಡ ಡಾಕ್ಟರು. ಇಂಥದ್ದು ಬರುವುದು ತೀರಾ ಅಪರೂಪ, ಬಂದರೂ ಎಷ್ಟೋ ಜನಕ್ಕೆ ತಿಳಿಯುವುದೇ ಇಲ್ಲ ಎಂದರು. ನನ್ನದು ನಿಂಬೆಹಣ್ಣಿನಷ್ಟಾಗಿದೆ. ನಾಳದ ಗೋಡೆ ತೆಳುವಾಗಿದೆ. ಒಡೆದರೆ ಆಸ್ಪತ್ರೆ ತಲುಪುವಷ್ಟು ಹೊತ್ತೂ ಸಿಗಲಿಕ್ಕಿಲ್ಲ.

"ಹೊಟ್ಟೆ ಕೊಯ್ಯೋದೇನೂ ಬೇಡಮ್ಮಾ. ತೊಡೆಸಂದಿಯಲ್ಲಿ ಒಂದು ಸಣ್ಣ ತೂತು. ಅಲ್ಲಿಂದ ಕೂದಲಿನಂಥ ನಳಿಕೆ ಬಿಟ್ಟು, ರಕ್ತನಾಳದ ಒಳಗೇ ಹೋಗಿ, ಪ್ಲಾಟಿನಂ ತಂತಿಯ ಸುರುಳಿಗಳನ್ನ ಅಲ್ಲಿ ತುಂಬಿಬಿಡ್ತೀವಿ. ರಕ್ತ ಆ ಕಡೆ ನುಗ್ಗೋದು ನಿಲ್ಲುತ್ತೆ. ನೀವು ಎಚ್ಚರವಾಗೇ ಇರ್ತೀರಿ."

"ದಿಂಬು ತುಂಬಿದ ಹಾಗೆ," ಎಂದೆ.

"ಹಾಗೇ ಅನ್ಕೊಳ್ಳಿ," ಎಂದು ನಕ್ಕರು. ದಿನಾ ಹೇಗಿದ್ದೀರಿ ಎಂದು ಬರೆದಿಡಿ ಎಂದೂ ಹೇಳಿದರು. ಅದಕ್ಕೆ ಇದು.

ಮಾರ್ಚ್ ೪, ಮಂಗಳವಾರ

ಅಕ್ಕನಿಗೆ ಹೇಳಬಾರದಿತ್ತು. ಬೆಳಿಗ್ಗೆ ಅಂಗಡಿ ತೆರೆದಾಗ ಉಬ್ಬು ನಿಂಬೆಹಣ್ಣಿನಷ್ಟಿತ್ತು. ಮೊದಲ ಗಿರಾಕಿಗೆ ಕಿತ್ತಳೆ ಆಯಿತು. ಊಟದ ಹೊತ್ತಿಗೆ ತೆಂಗಿನಕಾಯಿ. ಸಂಜೆ ಎದುರಿನ ಬೀಗದ ಅಂಗಡಿಯವನು ಬಂದು ನನ್ನ ಹೊಟ್ಟೆಯನ್ನೇ ದುರುಗುಟ್ಟಿ ನೋಡಿ, "ಕುಂಬಳಕಾಯಿ ಗಾತ್ರ ಅಂದ್ರು, ಹೊರಗೇನೂ ಕಾಣಲ್ಲವಲ್ಲಮ್ಮಾ?" ಎಂದ.

ಅಕ್ಕನ ಹುಕುಂ: ನಾನು ಭಾರ ಎತ್ತಬಾರದು, ಬಗ್ಗಬಾರದು, ಕೆಮ್ಮಬಾರದು, ಸೀನಬಾರದು.

"ಹತ್ತಿ ಅಂಗಡೀಲಿ ಕೂತು ಸೀನಬೇಡ ಅಂದ್ರೆ ಹೇಗೆ ಅಕ್ಕಾ?"

"ಮೂಗು ಹಿಡ್ಕೋ. ನಗಬೇಡ ಕಣೇ! ಹಲ್ಲು ಕಿಸಿದಷ್ಟೂ ಅದು ಹಿಗ್ಗುತ್ತೆ."

ನಗಬೇಡ ಎಂದರೆ ನಗು ತಡೆಯುವುದುಂಟೇ? ನಾನು ನಕ್ಕೆ, ಅವಳು ಬೈದಳು. ಬೈದದ್ದಕ್ಕೆ ಇನ್ನಷ್ಟು ನಕ್ಕೆ. ಕೊನೆಗೆ ಅವಳೇ ಹತ್ತಿಯ ರಾಶಿಗೆ ಮುಖ ಹುದುಗಿಸಿ ನಕ್ಕಳು. ಎದ್ದಾಗ ಹುಬ್ಬೂ ಬಿಳಿ, ಮೀಸೆಯೂ ಬಿಳಿ.

ನೋವಿಲ್ಲ.

ಮಾರ್ಚ್ ೭, ಶುಕ್ರವಾರ

ಆಗಲಿಲ್ಲ. ಆಗಲಿಲ್ಲ ಎಂದರೆ ನಾನೇ ಆಗಗೊಡಲಿಲ್ಲ.

ಸುರುಳಿ ತುಂಬುವ ಕೋಣೆ ತಣ್ಣಗಿತ್ತು, ಅಗಲ ಕಿರಿದಾದ ಮೇಜು, ಮೇಲೆ ತೂಗುವ ದೊಡ್ಡ ಯಂತ್ರ. ಪಕ್ಕದಲ್ಲಿ ಗಾಜಿನ ಕೋಣೆ. ಅಲ್ಲೊಬ್ಬ ಕೂತು ಚಿತ್ರ ತೆಗೆಯುತ್ತಾನೆ. ಮುಖ ಕಾಣುವುದಿಲ್ಲ, ಧ್ವನಿ ಮಾತ್ರ ಗೋಡೆಯಿಂದ ಬರುತ್ತದೆ: ಉಸಿರು ಹಿಡೀರಿ, ಉಸಿರು ಬಿಡಿ. ಕಾಲ ಬಳಿ ಡಾಕ್ಟರು, ತಲೆಯ ಬಳಿ ಎತ್ತರದ ನರ್ಸಮ್ಮ. ತೊಡೆಗೆ ಮರಗಟ್ಟುವ ಸೂಜಿ ಕೊಟ್ಟರು. ಆಮೇಲೆ ನೋವಿಲ್ಲ, ಯಾರೋ ಎಳೆದಾಡಿದ ಹಾಗಾಯಿತು, ಅಷ್ಟೇ.

ತೊಂದರೆ ಏನೆಂದರೆ, ಈ ಡಾಕ್ಟರು ಕೈಯಿಂದ ಮಾಡುವುದನ್ನು ಬಾಯಿಂದ ಹೇಳಿಕೊಂಡೇ ಮಾಡುವವರು. ಅದು ಅವರ ಅಭ್ಯಾಸ.

"ಈಗ ಒಳಗೆ ಹೊರಟ್ವಿ."

"ಹೂಂ."

"ದೊಡ್ಡ ರಸ್ತೆ ಸಿಕ್ತು."

"ಹೂಂ."

"ಇಲ್ಲೊಂದು ತಿರುವು, ಹಾವಿನ ಹಾಗೆ ಸುತ್ತಿಕೊಂಡಿದೆ."

"ಹೂಂ?"

ಗೋಡೆ ಹೇಳಿತು: "ಉಸಿರು ಹಿಡೀರಿ." ಹಿಡಿದೆ. ಹೊಟ್ಟೆಯೊಳಗೆ ಯಾರೋ ಬಿಸಿನೀರು ಚೆಲ್ಲಿದ ಹಾಗಾಯಿತು. ಚಿತ್ರದಲ್ಲಿ ನಾಳ ಕಾಣಲೆಂದು ಬಿಡುವ ಔಷಧಿಯಂತೆ ಅದು. ಅಷ್ಟರಲ್ಲಿ ಡಾಕ್ಟರು, "ಓಹೋ, ಅಲ್ಲಿ ಕೂತಿದೆ ನೋಡಿ," ಎಂದರು.

"ಹೂಂ!"

ಚಿತ್ರ ಕಲಸಿಹೋಯಿತು. ಗಾಜಿನ ಕೋಣೆಯವನು, "ಸಾರ್, ಉಬ್ಬು ಒಂದಿದ್ದದ್ದು ಮೂರಾಗಿ ಕಾಣ್ತಿದೆ," ಎಂದ.

"ಅಮ್ಮಾ, ಹೂಂ ಅನ್ಬೇಡಿ."

"ಹೂಂ."

ನರ್ಸಮ್ಮ ಬಾಯಿಗೆ ಕೈ ಅಡ್ಡ ಇಟ್ಟಳು. ಮತ್ತೆ ಪ್ರಯತ್ನಿಸಿದರು, ಮತ್ತೆ ಕೆಟ್ಟಿತು. ಡಾಕ್ಟರು ತುಟಿ ಬಿಗಿದರು. ಆದರೆ ಬಾಯಿ ನಿಂತರೆ ಅವರ ಕೈಯೂ ನಿಲ್ಲುತ್ತದೆ. ಕೈ ಹೊರಟ ಕೂಡಲೇ ಬಾಯಿ, ಬಾಯಿ ಹೊರಟ ಕೂಡಲೇ ನನ್ನ ಹೂಂ. ಅಷ್ಟು ಸಣ್ಣ ಹೂಂಗೂ ಎದೆಯ ಕೆಳಗಿನ ಪರದೆ ಕುಪ್ಪಳಿಸುತ್ತದಂತೆ, ನಾಳವೂ ಜೊತೆಗೆ ಕುಪ್ಪಳಿಸುತ್ತದಂತೆ. ಕುಪ್ಪಳಿಸುವ ಕಡೆ ಸುರುಳಿ ಬಿಟ್ಟರೆ ಅದು ಜಾರಿ ಬೇರೆಲ್ಲೋ ಹೋಗಿ ಕೂತೀತು. ಚಿತ್ರದ ಔಷಧಿಯನ್ನೂ ಒಂದೇ ದಿನ ಹೆಚ್ಚು ಬಿಟ್ಟರೆ ಮೂತ್ರಪಿಂಡಕ್ಕೆ ಭಾರ. ನಳಿಕೆ ಹೊರಗೆಳೆದು, ತೊಡೆ ಒತ್ತಿ ಹಿಡಿದು, ಪಟ್ಟಿ ಹಾಕಿ ಕಳಿಸಿದರು.

ಹೊರಗೆ ಕೂತಿದ್ದ ಅಕ್ಕ, "ತುಂಬಿದ್ರಾ?" ಎಂದಳು.

"ಇಲ್ಲ."

"ಯಾಕೆ?"

ಹೇಳಿದೆ. ಅಕ್ಕ ಬಾಯಿ ತೆರೆದು, ಮುಚ್ಚಿ, ಮತ್ತೆ ತೆರೆದಳು. ಅವಳಿಗೆ ಮಾತು ಸಿಗದ್ದನ್ನು ನಾನು ಕಂಡಿದ್ದು ಇದೇ ಮೊದಲು.

ಮಾರ್ಚ್ ೮, ಶನಿವಾರ

ಡಾಕ್ಟರು ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಗುರುವಾರ ಇನ್ನೊಮ್ಮೆ ಪ್ರಯತ್ನ. ಅದೂ ಆಗದಿದ್ದರೆ ಪೂರ್ತಿ ಅರಿವಳಿಕೆ ಕೊಟ್ಟು ಮಾಡಬೇಕು. ಆದರೆ ಅರಿವಳಿಕೆಯ ಡಾಕ್ಟರಮ್ಮ ನನ್ನ ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಸಣ್ಣಗೆ ಮಾಡಿಕೊಂಡಿದ್ದಾರೆ. ಜೀವಮಾನವೆಲ್ಲ ಕುಡಿದ ಹತ್ತಿಯ ಧೂಳು ಅಲ್ಲಿ ಕೂತಿದೆ. ಮಲಗಿಸುವುದು ಸುಲಭ, ಎಬ್ಬಿಸುವುದು ಕಷ್ಟವಾಗಬಹುದು. ಹಾಗೆಂದು ಸುಮ್ಮನೆ ಬಿಡುವ ಹಾಗೂ ಇಲ್ಲ.

ಅಕ್ಕ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಬಂದಳು. ರಸ್ತೆ ದಾಟುವಾಗಲೂ ನಾವು ಕೈ ಹಿಡಿಯುವವರಲ್ಲ.

ಮಾರ್ಚ್ ೯, ಭಾನುವಾರ

ಅಕ್ಕ ಪಾಠ ಶುರು ಮಾಡಿದ್ದಾಳೆ. ಅವಳು ಕಥೆ ಹೇಳುವುದು, ನಾನು ಹೂಂ ಅನ್ನದೆ ಕೂರುವುದು.

"ಒಂದಾನೊಂದು ಊರಲ್ಲಿ ಒಬ್ಬ ಕುಂಬಾರ."

"..."

"ಅವನಿಗೆ ಮೂರು ಜನ ಹೆಂಡ್ತೀರು."

"..."

"ಮೂರೂ ಜನ ಸೇರಿ ಅವನನ್ನ ಮಡಕೆ ಒಳಗೆ ಹಾಕಿ ಮುಚ್ಚಿಟ್ರು!"

"ಹೂಂ?"

"ಥೂ! ಬಾಯಿ ಮುಚ್ಚೇ!"

"ಅಕ್ಕಾ, ಮಡಕೆಯೊಳಗೆ ಹಾಕಿದ್ರೆ ಹೂಂ ಅನ್ನದೆ ಇರೋದು ಹೇಗೆ? ಸಪ್ಪೆ ಕಥೆ ಹೇಳು."

ಸಪ್ಪೆ ಕಥೆ ಅವಳಿಗೆ ಬರುವುದಿಲ್ಲ. ಹಾಸಿಗೆಗೆ ಹಾಕುವ ಗುಂಡಿಯೊಂದನ್ನು ನನ್ನ ತುಟಿಗಳ ನಡುವೆ ಇಟ್ಟು, "ಇದು ಬೀಳಬಾರದು," ಎಂದಳು. ಕುಂಬಾರ ಮಡಕೆಯಿಂದ ತಲೆ ಹೊರಗೆ ಹಾಕಿದ. ಗುಂಡಿ ಹಾರಿ ಹತ್ತಿಯ ರಾಶಿಗೆ ಬಿತ್ತು. ಇಬ್ಬರೂ ಹುಡುಕಿದ್ದೇ ಹುಡುಕಿದ್ದು. ಸಿಗಲಿಲ್ಲ. ಯಾವ ಪುಣ್ಯಾತ್ಮನ ಹಾಸಿಗೆಯೊಳಗೆ ಸೇರಿ ಯಾರ ಬೆನ್ನಿಗೆ ಚುಚ್ಚುತ್ತದೋ.

ಮಾರ್ಚ್ ೧೧, ಮಂಗಳವಾರ

ಅಕ್ಕ ಹೊಸ ಉಪಾಯ ಹೂಡಿದ್ದಾಳೆ: ಮಾತೇ ನಿಲ್ಲಿಸಿದ್ದಾಳೆ. ಅವಳು ಹೇಳದಿದ್ದರೆ ನನ್ನ ಹೂಂ ತಾನಾಗಿ ಒಣಗುತ್ತದೆ ಎಂದು. ಸನ್ನೆಯಲ್ಲೇ ಊಟಕ್ಕೆ ಕರೆಯುತ್ತಾಳೆ. ಅಂಗಡಿಯಲ್ಲಿ ಗಡಿಯಾರದ ಸದ್ದು ಕೇಳುತ್ತದೆ. ನಮ್ಮಲ್ಲಿ ಗಡಿಯಾರ ಸದ್ದು ಮಾಡುತ್ತದೆ ಎಂದೇ ನನಗೆ ಗೊತ್ತಿರಲಿಲ್ಲ.

ಮಾರ್ಚ್ ೧೨, ಬುಧವಾರ

ಹೆದರಿಕೆಯಾಗುತ್ತಿದೆ. ನೋವಿಲ್ಲ.

ಮಾರ್ಚ್ ೧೩, ಗುರುವಾರ

ಕಾಲು ಮಡಿಸಬಾರದು, ಏಳಬಾರದು ಎಂದಿದ್ದಾರೆ. ಬರೆಯಬಾರದು ಎಂದಿಲ್ಲ. ಎದೆಯ ಮೇಲೆ ದಿಂಬಿಟ್ಟು ಬರೆಯುತ್ತಿದ್ದೇನೆ. ದಿಂಬು ಒಂದೇ ಕಡೆ ಗಂಟು ಕಟ್ಟಿದೆ. ಯಾರು ತುಂಬಿದರೋ.

ಬೆಳಿಗ್ಗೆ ಅದೇ ಕೋಣೆ. ಡಾಕ್ಟರು ಒಳಗೆ ಬಂದವರೇ ಬೆರಳನ್ನು ತುಟಿಯ ಮೇಲಿಟ್ಟು, "ಇವತ್ತು ನಾನು ಮೌನ," ಎಂದು ಸನ್ನೆ ಮಾಡಿದರು. ಸೂಜಿ ಆಯಿತು, ನಳಿಕೆ ಹೊರಟಿತು. ಯಾರೂ ಮಾತಾಡುತ್ತಿಲ್ಲ. ಯಂತ್ರವೊಂದು ಮಾತ್ರ ನನ್ನ ಎದೆಬಡಿತವನ್ನು ಟಕ್ ಟಕ್ ಎಂದು ಎಣಿಸುತ್ತಿದೆ. ನಳಿಕೆ ಈಗ ಎಲ್ಲಿದೆ? ದೊಡ್ಡ ರಸ್ತೆ ಬಂತೇ? ತಿರುವು ದಾಟಿತೇ? ಯಾರೂ ಹೇಳುವವರಿಲ್ಲ. ಟಕ್ ಟಕ್ ಓಡತೊಡಗಿತು. ಡಾಕ್ಟರ ಕೈ ನಿಂತಿತು.

ನರ್ಸಮ್ಮ ನನ್ನ ಕಿವಿಯ ಬಳಿ ಬಗ್ಗಿದಳು. "ಯಾಕಮ್ಮಾ ಇಷ್ಟು ಗಾಬರಿ? ಬಿಪಿ ಮೇಲೆ ಹೋಗ್ತಿದೆ. ಏನಾದ್ರೂ ಮಾತಾಡಿ."

"ಮಾತು ನಮ್ಮಕ್ಕಂದು. ಅವಳು ಹೊರಗೆ ಕೂತಿದ್ದಾಳೆ."

"ಅಕ್ಕನ್ನ ಒಳಗೆ ಬಿಡೋ ಹಾಗಿಲ್ಲ. ನಿಮಗೆ ಬಂದದ್ದು ಹೇಳಿ."

ಡಾಕ್ಟರು ತಲೆಯಾಡಿಸಿದರು. "ಮೆಲ್ಲಗೆ ಹೇಳಿ. ಹಿಡೀರಿ ಅಂದಾಗ ನಿಲ್ಲಿಸಿದ್ರಾಯ್ತು."

ನನಗೇನು ಬರುತ್ತದೆ? ಅಜ್ಜಿಯ ಕಥೆಗಳು ಅಕ್ಕನ ಬಾಯಲ್ಲಿವೆ, ಅವುಗಳನ್ನು ಮುಟ್ಟಲು ನನಗೆ ಧೈರ್ಯವಿಲ್ಲ. ಬಾಯಿಗೆ ಬಂದದ್ದನ್ನು ಹೇಳಿದೆ.

"ಒಂದೂರಲ್ಲಿ ಒಬ್ಬಳು ದಿಂಬು ಮಾಡೋಳು. ಒಂದಿನ ಅವಳ ಅಂಗಡಿಗೆ ಒಬ್ಬ ರಾಕ್ಷಸ ಬಂದ. ಬಾಗಿಲಲ್ಲಿ ಹಿಡಿಸದೆ ಗೋಡೆ ತಳ್ಳಿ ಬಂದ. 'ಏ ಹೆಂಗಸೇ, ನನಗೆ ನಿದ್ದೆ ಬಂದು ನೂರು ವರ್ಷ ಆಯ್ತು. ತಲೆ ಇಟ್ಟ ಕೂಡ್ಲೆ ನಿದ್ದೆ ಬರೋ ಅಂಥ ದಿಂಬು ಮಾಡಿಕೊಡು. ಇಲ್ದಿದ್ರೆ ನೋಡು,' ಅಂತ ಗುಡಿಸಲಿನಷ್ಟು ಅಗಲ ಬಾಯಿ ತೆರೆದ..."

"ಉಸಿರು ಹಿಡೀರಿ," ಎಂದಿತು ಗೋಡೆ.

ಹಿಡಿದೆ. ಬಿಸಿನೀರು ಚೆಲ್ಲಿತು. ಕೋಣೆ ಗಪ್‌ಚಿಪ್.

"ಬಿಡಿ. ಸಾರ್, ಒಂದೇ ಉಬ್ಬು! ಕನ್ನಡಿ ಹಾಗಿದೆ ಚಿತ್ರ."

"ಬಾಯಿ ತೆರೆದ, ಆಮೇಲೆ?" ಎಂದಳು ನರ್ಸಮ್ಮ.

"ಆಮೇಲೇನು, ದಿಂಬು ಮಾಡೋಳು ಅಳತೆ ತಗೊಂಡಳು. ಅವನ ತಲೆ ಸುತ್ತ ನಡೆದು ಬರೋಕೇ ಮಧ್ಯಾಹ್ನ ಆಯ್ತು. ಅಂಗಡಿ ಹತ್ತಿ ಎಲ್ಲ ತುಂಬಿದಳು, ಮೂಲೆಗೂ ಸಾಲಲಿಲ್ಲ."

"ಹೂಂ," ಎಂದರು ಯಾರೋ. ತಲೆಯೆತ್ತದೆ ಕೆಲಸ ಮಾಡುತ್ತಿದ್ದ ಡಾಕ್ಟರು!

"ಊರಿನವರ ಹಾಸಿಗೆ ಎಲ್ಲ ಬಿಚ್ಚಿ ತುಂಬಿದಳು. ಇನ್ನೂ ಅರ್ಧ. ರಾಕ್ಷಸ, 'ತಡ ಆಯ್ತು, ನಿನ್ನ ನುಂಗ್ತೀನಿ,' ಅಂತ ಮತ್ತೆ ಬಾಯಿ ತೆರೆದ..."

"ಉಸಿರು ಹಿಡೀರಿ."

ಹೀಗೇ ಹೋಯಿತು. ರಾಕ್ಷಸ ಬಾಯಿ ತೆರೆದಾಗಲೆಲ್ಲ ನನ್ನ ಉಸಿರು ನಿಲ್ಲುವುದು, ಒಂದು ಸುರುಳಿ ಒಳಗೆ ಇಳಿಯುವುದು. ದಿಂಬಿನವಳು ಬೆಟ್ಟದ ಕುರಿಗಳ ಉಣ್ಣೆ ತರಿಸಿದಳು, ಮುದುಕರ ಗಡ್ಡ ಬೇಡಿದಳು, ಹಾದುಹೋಗುವ ಮೋಡವನ್ನು ಕೊಕ್ಕೆ ಹಾಕಿ ಎಳೆದಳು. ಮೋಡ ಎಲ್ಲಿಂದ ಬಂತೋ ನನಗೇ ತಿಳಿಯದು, ಬಾಯಲ್ಲಿ ಬಂತು. "ಮೋಡ ಒದ್ದೆ ಇರುತ್ತಲ್ಲ, ದಿಂಬು ತೋಯೋದಿಲ್ವಾ?" ಎಂದು ಗೋಡೆ ಕೇಳಿತು. "ಹಿಂಡಿ ತುಂಬಿದಳಪ್ಪಾ," ಎಂದೆ. ಯಂತ್ರದ ಟಕ್ ಟಕ್ ಯಾವಾಗ ನಿಧಾನವಾಯಿತೋ ಗೊತ್ತಾಗಲಿಲ್ಲ.

"ದಿಂಬು ಇನ್ನೇನು ತುಂಬಬೇಕು, ಒಂದು ಹಿಡಿ ಕಡಿಮೆ. ಎಲ್ಲೂ ಏನೂ ಉಳಿದಿಲ್ಲ. ರಾಕ್ಷಸ ಎದ್ದು ನಿಂತ. 'ಇನ್ನು ಕಾಯೋಲ್ಲ,' ಅಂದ. ಅವಳನ್ನ ಅಂಗೈ ಮೇಲೆ ಎತ್ತಿಕೊಂಡ, ಬಾಯಿ ತೆರೆದ..."

"ಉಸಿರು ಹಿಡೀರಿ."

ಈ ಸಲ ತುಂಬ ಹೊತ್ತು ಹಿಡಿಸಿದರು. ಆಮೇಲೆ ಡಾಕ್ಟರು ಬೆನ್ನು ನೆಟ್ಟಗೆ ಮಾಡಿ, "ಮುಗೀತು," ಎಂದರು.

"ಏನು ಮುಗೀತು?" ಎಂದಳು ನರ್ಸಮ್ಮ. "ಅವಳನ್ನ ನುಂಗಿಬಿಟ್ನಾ?"

"ನಮ್ಮ ಕೆಲಸ ಮುಗೀತು ತಾಯಿ!"

ಕಥೆ ಅಲ್ಲೇ ನಿಂತಿತು. ನನ್ನನ್ನು ತಳ್ಳುಗಾಡಿಯಲ್ಲಿ ಹೊರಗೆ ತಂದರು. ಡಾಕ್ಟರು ಅಕ್ಕನಿಗೆ ಹೇಳಿದರು: ಉಬ್ಬನ್ನೂ ಅದರ ಹಿಂದುಮುಂದಿನ ದಾರಿಯನ್ನೂ ಮುಚ್ಚಿದ್ದಾಗಿದೆ. ಗುಲ್ಮಕ್ಕೆ ಇನ್ನು ಜಠರದ ಪಕ್ಕದ ಸಣ್ಣ ನಾಳಗಳಿಂದ ರಕ್ತ ಹೋಗಬೇಕು. ಹೋಗುತ್ತದೆ ಎಂಬ ನಂಬಿಕೆ ಇದೆ, ಆದರೆ ಖಚಿತವಾಗುವುದು ನಾಳೆ ಬೆಳಿಗ್ಗೆ. ಹೋಗದಿದ್ದರೆ ಗುಲ್ಮ ಸಾಯುತ್ತದೆ. ಆಗ ಹೊಟ್ಟೆ ತೆರೆದು ತೆಗೆಯಬೇಕಾದೀತು.

ಹೊಟ್ಟೆ ತೆರೆಯುವುದೆಂದರೆ ಅರಿವಳಿಕೆ. ಅಕ್ಕ ನನ್ನ ಹೊದಿಕೆಯನ್ನು ಸರಿಮಾಡಿದಳು. ಸರಿಯಾಗಿದ್ದುದನ್ನೇ ಮತ್ತೆ ಸರಿಮಾಡಿದಳು.

ಎಡಪಕ್ಕೆಯಲ್ಲಿ ಮಂದ ನೋವಿದೆ. ಮೈ ಬೆಚ್ಚಗಿದೆ. ಎರಡೂ ಬರುವಂಥವೇ ಎಂದಿದ್ದಾರೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಕಣ್ಣು ಬಿಟ್ಟಾಗ ನರ್ಸಮ್ಮ ಮಂಚದ ಬಳಿ ನಿಂತಿದ್ದಳು. ಜ್ವರ ನೋಡಲು ಬಂದಿದ್ದಾಳೆ ಎಂದುಕೊಂಡೆ.

"ಅಮ್ಮಾ, ಅವಳು ತನ್ನ ಜಡೆ ಕತ್ತರಿಸಿ ಕೊನೇ ಹಿಡಿ ತುಂಬಿದಳು, ಅಲ್ವಾ? ನಾನು ಮನೆಯಲ್ಲಿ ಹಾಗೇ ಹೇಳಿದೆ."

ಅವಳ ಹಿಂದೆ ಒಬ್ಬ ಗುಂಡುಮುಖದವನು ಬಂದ. ಗಾಜಿನ ಕೋಣೆಯವನಂತೆ. ಮುಖ ನೋಡಿದ್ದು ಈಗಲೇ. "ಇಲ್ಲ ಕಣ್ರೀ, ಆ ರಾಕ್ಷಸನ್ನೇ ಹಿಡಿದು ದಿಂಬಿಗೆ ತುರುಕಿದಳು. ಲೆಕ್ಕ ಸರಿಹೋಗುತ್ತೆ."

"ಅಷ್ಟು ದೊಡ್ಡವನು ಒಂದು ಹಿಡಿ ಆಗ್ತಾನಾ?"

"ಅಂಗಡಿ ಬಾಗಿಲಲ್ಲಿ ಹಿಡಿಸದವನ ತಲೆ ಅಳತೆ ತಗೋಬಹುದಾದ್ರೆ, ಇದೂ ಆಗುತ್ತೆ."

ಡಾಕ್ಟರು ಗಾಲಿಯ ಮೇಲಿನ ಸ್ಕ್ಯಾನ್ ಯಂತ್ರ ತಳ್ಳಿಕೊಂಡು ಬಂದರು. "ಇಬ್ಬರಿಗೂ ಬೇರೆ ಕೆಲಸ ಇಲ್ವಾ? ಆ ರಾಕ್ಷಸನಿಗೆ ಒಂದು ನಿದ್ದೆ ಇಂಜೆಕ್ಷನ್ ಕೊಟ್ಟಿದ್ರೆ ಇಷ್ಟು ರಾದ್ಧಾಂತವೇ ಇರ್ತಿರಲಿಲ್ಲ." ಹಾಗೆನ್ನುತ್ತ ಲೋಳೆ ಸವರಿದರು. ಅಕ್ಕ ಮೂಲೆಯಲ್ಲಿ ನಿಂತಿದ್ದಳು. ಮುಖ ಬಿಳಿಚಿತ್ತು.

"ಉಸಿರು ಹಿಡೀರಿ."

ಡಾಕ್ಟರು ನನ್ನ ಪಕ್ಕೆಯ ಮೇಲೆ ಯಂತ್ರದ ಹಿಡಿಯನ್ನು ಒತ್ತಿದರು. ರಕ್ತ ಹರಿಯುತ್ತಿದ್ದರೆ ಯಂತ್ರ ಸದ್ದು ಮಾಡುತ್ತದಂತೆ. ಸದ್ದಿಲ್ಲ. "ಇದು ಉಬ್ಬು. ಇಲ್ಲಿ ಸದ್ದು ಇರಬಾರದು, ಇಲ್ಲ," ಎಂದರು. ಹಿಡಿ ಮೇಲಕ್ಕೆ ಸರಿಯಿತು. ಸದ್ದಿಲ್ಲ. ಇನ್ನೂ ಸ್ವಲ್ಪ ಸರಿಯಿತು. ಡಾಕ್ಟರ ಬಾಯಿ ನಿಂತಿತ್ತು.

ಶೂ... ಶೂ... ಶೂ...

ದೂರದಲ್ಲಿ ಯಾರೋ ಅಂಗಳ ಗುಡಿಸಿದ ಹಾಗೆ. ಮೆಲ್ಲಗೆ, ಒಂದೇ ಸಮನೆ.

"ಗುಲ್ಮ," ಎಂದರು ಡಾಕ್ಟರು. "ರಕ್ತ ಚೆನ್ನಾಗಿ ಹೋಗ್ತಿದೆ. ಬಿಡಿ ಉಸಿರು."

ನಾನು ಬಿಟ್ಟೆ. ಕೋಣೆಯಲ್ಲಿ ಬೇರೆ ಯಾರೂ ಬಿಡಲಿಲ್ಲ. ನರ್ಸಮ್ಮನ ಕೆನ್ನೆ ಉಬ್ಬಿತ್ತು, ಗುಂಡುಮುಖದವನದು ಕೆಂಪಾಗಿತ್ತು, ಅಕ್ಕ ಎರಡೂ ಕೈಯಲ್ಲಿ ಬಾಯಿ ಒತ್ತಿ ಹಿಡಿದು ಕಣ್ಣು ಬಿಟ್ಟುಕೊಂಡು ನಿಂತಿದ್ದಳು.

"ಎಲ್ಲರಿಗೂ ಹೇಳಿದ್ದು," ಎಂದರು ಡಾಕ್ಟರು. "ಅಕ್ಕಾವ್ರೇ, ಬಿಡಿ, ಬಿಡಿ. ನಿಮ್ಮನ್ನ ಸೇರಿಸಿಕೊಳ್ಳೋಕೆ ಮಂಚ ಖಾಲಿ ಇಲ್ಲ."

ಅಕ್ಕ ಬಿಟ್ಟ ಉಸಿರಿಗೆ ಕಿಟಕಿಯ ಪರದೆ ಅಲ್ಲಾಡಿತು ಎಂದು ಗುಂಡುಮುಖದವನು ಆಣೆ ಹಾಕುತ್ತಾನೆ. ಅವಳು ಮೂಗು ಸೆಳೆದು, ಸ್ಟೂಲು ಎಳೆದುಕೊಂಡು, ನನ್ನ ಮಂಚಕ್ಕೆ ಅಂಟಿ ಕೂತಳು.

"ಈಗ ಹೇಳು. ರಾಕ್ಷಸ ಏನಾದ?"

"ನಿನಗ್ಯಾರು ಹೇಳಿದ್ರು ಅಕ್ಕಾ?"

"ನರ್ಸಮ್ಮ. ನಿನ್ನೆ ಹೊರಗೆ ಕೂತವರಿಗೆಲ್ಲ ನಾನೇ ಆ ಕಥೆ ಹೇಳಿದೆ ಕಣೇ. ಕೊನೆ ಕೇಳಿದ್ರು. ಗೊತ್ತಿಲ್ಲ ಅಂದೆ. ಕಥೆ ಹೇಳೋಕೆ ಕೂತು ಕೊನೆ ಗೊತ್ತಿಲ್ಲ ಅನ್ನೋ ಗತಿ ನನಗೆ! ಬೇಗ ಹೇಳು."

ನನಗೂ ಕೊನೆ ಗೊತ್ತಿರಲಿಲ್ಲ. ಆದರೆ ನಾಲ್ಕು ಜನ ನನ್ನ ಬಾಯನ್ನೇ ನೋಡುತ್ತಿದ್ದರು. ಸುಮ್ಮನಿರುವುದು ಚೆನ್ನಲ್ಲ.

"ಅವಳನ್ನ ಅಂಗೈ ಮೇಲೆ ಎತ್ತಿಕೊಂಡ. ಬಾಯಿ ತೆರೆದ. ಗುಡಿಸಲಿನಷ್ಟು ತೆರೆದ, ಮನೆಯಷ್ಟು ತೆರೆದ, ಊರಿನಷ್ಟು ತೆರೆದ. ತೆರೀತಾನೆ, ತೆರೀತಾನೆ, ಮುಚ್ಚೋಕೆ ಆಗ್ತಿಲ್ಲ. ದಿಂಬಿನವಳು ಒಳಗೆ ಇಣುಕಿ ನೋಡಿದಳು. ಅದು ನುಂಗೋ ಬಾಯಿ ಅಲ್ಲ. ಆಕಳಿಕೆ! ಕಾದು ಕಾದು ಅವನಿಗೆ ನೂರು ವರ್ಷದ ಆಕಳಿಕೆ ಬಂದಿತ್ತು. ಆ ಅಂತ ಆಕಳಿಸಿದ, ಅವಳನ್ನ ಮೆತ್ತಗೆ ಕೆಳಗಿಟ್ಟ, ದಿಂಬು ಪಕ್ಕಕ್ಕೆ ತಳ್ಳಿ ಬರೀ ನೆಲದ ಮೇಲೆ ಬಿದ್ದುಕೊಂಡ. ಊರಿನವರು ತಮ್ಮ ತಮ್ಮ ಹತ್ತಿ ವಾಪಸ್ ತಗೊಂಡು ಮನೆಗೆ ಹೋದರು."

ಮೊದಲು ಆಕಳಿಸಿದವಳು ನರ್ಸಮ್ಮ. ಅವಳನ್ನು ನೋಡಿ ಗುಂಡುಮುಖದವನು. ಡಾಕ್ಟರು ಮುಖ ಆ ಕಡೆ ತಿರುಗಿಸಿದರು, ಆದರೆ ಭುಜ ಮೇಲೇರಿ ಇಳಿದದ್ದು ಎಲ್ಲರಿಗೂ ಕಂಡಿತು. ಅಕ್ಕ ಎಲ್ಲರಿಗಿಂತ ದೊಡ್ಡದಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ಆಕಳಿಸಿ, "ಚೆನ್ನಾಗಿದೆ ಕಣೇ, ಆದ್ರೆ ಮೋಡದ್ದು..." ಎಂದು ಏನೋ ಶುರುಮಾಡಿ, ಮುಗಿಸದೆ, ನನ್ನ ತೋಳಿನ ಮೇಲೆ ತಲೆಯಿಟ್ಟಳು.

ಡಾಕ್ಟರು ಯಂತ್ರವನ್ನು ಸದ್ದಾಗದಂತೆ ತಳ್ಳಿಕೊಂಡು ಹೋದರು. ಉಳಿದಿಬ್ಬರೂ ತುದಿಗಾಲಲ್ಲಿ ಹಿಂದೆಯೇ ಹೋದರು. ಅಕ್ಕ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದಾಳೆ. ನನ್ನ ಬಲಗೈ ಅವಳ ತಲೆಯ ಕೆಳಗಿದೆ, ಜೋಮು ಹಿಡಿದಿದೆ. ಎಡಗೈಯಲ್ಲಿ ಬರೆದದ್ದರಿಂದ ಅಕ್ಷರ ಸೊಟ್ಟಗಾಗಿದೆ.